ಕಿಡ್ನಿ ಅವಳದು, ಸಹಿ ಯಾರದು?

ಗಂಡನಿಗೆ ಕಿಡ್ನಿ ಕೊಡಲು ಹೊರಟವಳನ್ನು ‘ನಿಮ್ಮ ಅಣ್ಣತಮ್ಮಂದಿರು ಒಪ್ಪಿದ್ದಾರಾ?’ ಎಂದು ಯಾರೂ ಕೇಳುವುದಿಲ್ಲ. ಅವಳೇ ಅಪ್ಪನಿಗೆ ಕೊಡುತ್ತೇನೆಂದರೆ ಮೊದಲ ಪ್ರಶ್ನೆ: ‘ಯಜಮಾನರು ಏನಂತಾರೆ?’

2022ರಲ್ಲಿ ದೆಹಲಿ ಹೈಕೋರ್ಟಿಗೆ ಹೋದದ್ದು ಇದೇ ತಕರಾರು. ಗಂಡನಿಂದ ದೂರವಿದ್ದ ಮಗಳು ತಂದೆಗೆ ಕಿಡ್ನಿ ಕೊಡಲು ಸಿದ್ಧಳಿದ್ದಳು. ಆಸ್ಪತ್ರೆ ಗಂಡನ ಒಪ್ಪಿಗೆ ಪತ್ರ ತಾ ಎಂದಿತು. ಕಾನೂನಿನಲ್ಲಿ ಅಂಥ ಷರತ್ತೇ ಇಲ್ಲ ಎಂದಿತು ಕೋರ್ಟು.

1994ರ ಅಂಗಾಂಗ ಕಸಿ ಕಾಯ್ದೆಗೆ ಮಗಳು ಎಂದೆಂದಿಗೂ ಹತ್ತಿರದ ಸಂಬಂಧಿ, ಮದುವೆಯಾಗಲಿ ಬಿಡಲಿ. ಸೊಸೆ ಆ ಪಟ್ಟಿಯಲ್ಲಿಲ್ಲ. ಅತ್ತೆಗೋ ಮಾವನಿಗೋ ಕೊಡಬೇಕಾದರೆ ಅನುಮತಿ ಸಮಿತಿಯ ಮುಂದೆ ಕೂರಬೇಕು. ನಮ್ಮ ಮನೆಗಳ ಲೆಕ್ಕ ಇದಕ್ಕೆ ತಲೆಕೆಳಗು.

2019ರಿಂದ 2023ರವರೆಗೆ ದೇಶದಲ್ಲಿ ಬದುಕಿರುವಾಗಲೇ ಅಂಗ ಕೊಟ್ಟವರು 56,509 ಮಂದಿ. ಅವರಲ್ಲಿ ಹೆಂಗಸರು 36,038. ಆ ಅಂಗಗಳನ್ನು ಪಡೆದವರಲ್ಲಿ ಹೆಂಗಸರು 17,041.

ಗಂಡಸರಿಗೆ ಬಿಪಿ, ಶುಗರ್, ಕುಡಿತ; ಅದಕ್ಕೇ ಪರೀಕ್ಷೆಯಲ್ಲಿ ಬಿದ್ದುಹೋಗುತ್ತಾರೆ ಎನ್ನುತ್ತಾರೆ. ಇರಬಹುದು, ಸ್ವಲ್ಪ ಮಟ್ಟಿಗೆ. ಆದರೆ ಪಡೆಯುವ ಸಾಲಿನಲ್ಲಿ ಹೆಂಗಸರು ಯಾಕೆ ಇಷ್ಟು ಕಡಿಮೆ? ಕಿಡ್ನಿ ಕಾಯಿಲೆ ಅವರನ್ನೇನೂ ಬಿಟ್ಟಿಲ್ಲವಲ್ಲ.

‘ಅವನು ದುಡಿಯೋ ಗಂಡಸು, ಅವನಿಗೆ ಕತ್ತರಿ ಹಾಕಿಸೋದು ಬೇಡ.’ ಹಾಗಾದರೆ ನಾಟಿ ಹಾಕುವವಳು, ಬೀಡಿ ಕಟ್ಟುವವಳು, ಬೆಳಿಗ್ಗೆ ಗಾರ್ಮೆಂಟ್ಸ್ ಬಸ್ಸು ಹಿಡಿಯುವವಳು ಮಾಡುತ್ತಿರುವುದೇನು? ಮದುವೆಯಾಗದ ಹುಡುಗಿಯನ್ನು ಮಾತ್ರ ಬಿಡುತ್ತಾರೆ. ಹೊಟ್ಟೆಯ ಮೇಲಿನ ಗಾಯದ ಗುರುತಿಗೆ ವರ ಸಿಗುವುದಿಲ್ಲವಂತೆ! ಅವಳನ್ನು ಕಳೆದರೆ ಉಳಿಯುವುದು ಅಮ್ಮ ಮತ್ತು ಹೆಂಡತಿ.

ಸತ್ತ ಮೇಲಿನ ದಾನದಲ್ಲಿ ಲೆಕ್ಕ ಉಲ್ಟಾ. 2023ರಲ್ಲಿ ಅಂಥ ದಾನಿಗಳು 1,099, ಗಂಡಸರು 844. ರಸ್ತೆ ಅಪಘಾತಗಳಲ್ಲಿ ಸಾಯುವವರಲ್ಲಿ ಅವರೇ ಹೆಚ್ಚಲ್ಲವೆ.

ದಾನಿ ಹೆಂಗಸಾದರೆ ಹೆಚ್ಚಿನ ಎಚ್ಚರ ಬೇಕು, ಅವಳ ಸ್ವತಂತ್ರ ಒಪ್ಪಿಗೆಯನ್ನು ಅಂಗ ಪಡೆಯುವವರಲ್ಲದೆ ಬೇರೊಬ್ಬರು ದೃಢಪಡಿಸಬೇಕು ಎಂದು 2014ರ ನಿಯಮ ಹೇಳುತ್ತದೆ. ಆ ಬೇರೊಬ್ಬರು ಅವಳ ಅತ್ತೆಯೇ ಆದರೆ? ಪ್ರೀತಿಯಿಂದ ಕೊಡುವವರಿದ್ದಾರೆ, ಬಹಳ ಮಂದಿ. ಆದರೆ ಬೇಡ ಎಂದು ಹೇಳಿ ಅದೇ ಮನೆಗೆ ವಾಪಸ್ ಹೋಗುವ ಧೈರ್ಯ ಎಷ್ಟು ಜನಕ್ಕಿದ್ದೀತು? ಒಲ್ಲೆ ಎಂದವಳ ಮರ್ಯಾದೆ ಉಳಿಸಲು ‘ಇವರ ಕಿಡ್ನಿ ಹೊಂದುವುದಿಲ್ಲ’ ಎಂದಷ್ಟೇ ಮನೆಯವರಿಗೆ ಹೇಳುವ ವೈದ್ಯರೂ ಇದ್ದಾರೆ.

ನಿಮ್ಮ ಮನೆಯಲ್ಲಿ ಇಂಥ ಮಾತು ಬಂದರೆ ಅಣ್ಣ, ತಮ್ಮ, ಅಪ್ಪ ಎಲ್ಲರನ್ನೂ ಮೊದಲ ದಿನವೇ ರಕ್ತಪರೀಕ್ಷೆಗೆ ಕಳಿಸಿ.