ಲಕೆನ್‌ಬಾಕ್: ಹಾಡಿಗರು ನೆಲೆ ಕಂಡ ಊರು

ಅಮೆರಿಕೆಯ ಟೆಕ್ಸಾಸ್ ರಾಜ್ಯದ ರಾಜಧಾನಿಯಾದ ಆಸ್ಟಿನ್ ನಗರದಿಂದ ಪಶ್ಚಿಮಕ್ಕೆ ಹೊರಟರೆ, ಸುಣ್ಣಕಲ್ಲಿನ ಗುಡ್ಡಗಳೂ ಓಕ್ ಮರಗಳೂ ತುಂಬಿದ ಸೀಮೆಯೊಂದು ಎದುರಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ನಡುಭಾಗದಲ್ಲಿ ಜರ್ಮನಿಯಿಂದ ವಲಸೆ ಬಂದ ಕೃಷಿಕರು ಹಸನುಗೊಳಿಸಿದ ನೆಲವಿದು. ಬೇಸಾಯದಷ್ಟೇ ಹಾಡುಕುಣಿತಗಳನ್ನೂ ಪ್ರೀತಿಸಿದ ಆ ಜನರು ಹಳ್ಳಿಹಳ್ಳಿಗಳಲ್ಲಿ ಮರದ ನೃತ್ಯಶಾಲೆಗಳನ್ನು ಕಟ್ಟಿಕೊಂಡರು. 1878ರ ಗ್ರೀನ್ ಹಾಲಿನಲ್ಲಿ ಇಂದಿಗೂ ಸಂಗೀತ ನಡೆಯುತ್ತದೆ.

ಇದೇ ಸೀಮೆಯ ಲಕೆನ್‌ಬಾಕನ್ನು ಊರೆಂದು ಕರೆಯಲು ಸಂಕೋಚವಾದೀತು. ಒಂದು ಹಳೆಯ ಅಂಗಡಿ, ಒಂದು ನೃತ್ಯಶಾಲೆ, ಕೆಲವು ಹೆಮ್ಮರಗಳು, ಅಂಗಳದಲ್ಲಿ ಓಡಾಡುವ ಕೋಳಿಗಳು, ಇಷ್ಟೇ ಅದರ ವೈಭವ. ಅಲ್ಲಿನ ಅಂಚೆ ಕಚೇರಿಯೂ 1971ರಲ್ಲಿ ಮುಚ್ಚಿತು. ತನ್ನ ಜನಸಂಖ್ಯೆ ಮೂರು ಎಂದು ಊರು ವಿನೋದದಿಂದ ಹೇಳಿಕೊಳ್ಳುತ್ತದೆ. ಆದರೂ ದೇಶದ ಮೂಲೆಮೂಲೆಗಳಿಂದ ಜನ ಇಲ್ಲಿಗೆ ಬರುತ್ತಾರೆ.

ಕಂಟ್ರಿ ಎಂದು ಹೆಸರಾದ ಅಮೆರಿಕೆಯ ಗ್ರಾಮೀಣ ಸಂಗೀತಕ್ಕೆ ಟೆನೆಸೀ ರಾಜ್ಯದ ನ್ಯಾಶ್‌ವಿಲ್ ನಗರವೇ ಪೇಟೆ. ಧ್ವನಿಮುದ್ರಣದ ದೊಡ್ಡ ಕಂಪನಿಗಳೆಲ್ಲ ಅಲ್ಲಿವೆ. ಯಾವ ಹಾಡು, ಯಾವ ವಾದ್ಯ, ಯಾರ ದನಿ ಎಂಬುದನ್ನು ಬಹುಕಾಲ ಅವುಗಳೇ ನಿರ್ಧರಿಸುತ್ತಿದ್ದವು. ಟೆಕ್ಸಾಸಿನವರೇ ಆದ ವಿಲ್ಲಿ ನೆಲ್ಸನ್ ತಮ್ಮ ಬಡತನದ ದಿನಗಳಲ್ಲಿ ಒಂದು ಹಾಡನ್ನು ಕೇವಲ 50 ಡಾಲರಿಗೆ ಮಾರಿಬಿಟ್ಟಿದ್ದರು. ಮನೆಮಂದಿಯೆಲ್ಲ ಮೇಜಿನ ಸುತ್ತ ಕುಳಿತಿರಲು ತಂದೆ ಧರ್ಮಗ್ರಂಥವನ್ನು ಓದುತ್ತಿದ್ದುದರ ನೆನಪಿನ ಹಾಡದು. 1960ರಲ್ಲಿ ಕ್ಲಾಡ್ ಗ್ರೇ ಎಂಬ ಗಾಯಕರ ದನಿಯಲ್ಲಿ ಅದು ಜನಪ್ರಿಯವಾಯಿತು. ರಚನಕಾರರ ಪಟ್ಟಿಯಲ್ಲಿ ನೆಲ್ಸನ್ನರ ಹೆಸರೇ ಇರಲಿಲ್ಲ. ಹಣವನ್ನಾದರೂ ಮತ್ತೆ ಗಳಿಸಬಹುದು, ತನ್ನ ಮನೆಯ ನೆನಪು ಪರರ ಹೆಸರಿನಲ್ಲಿ ಊರಾಡುವುದನ್ನು ಸಹಿಸುವುದು ಹೇಗೆ? ಮುಂದೆ ಅವರು ನ್ಯಾಶ್‌ವಿಲ್ ತೊರೆದು ಆಸ್ಟಿನ್ನಿಗೆ ಬಂದರು. 1975ರಲ್ಲಿ ತಮ್ಮಿಚ್ಛೆಯಂತೆಯೇ, ಮಿತವಾದ ವಾದ್ಯಗಳೊಡನೆ, 'ರೆಡ್ ಹೆಡೆಡ್ ಸ್ಟ್ರೇಂಜರ್' ಧ್ವನಿಮುದ್ರಿಕೆಯನ್ನು ತಂದರು. ಅದಕ್ಕೆ ದೊರೆತ ಗೆಲುವು ಕಂಪನಿಗಳನ್ನೂ ಬೆರಗುಗೊಳಿಸಿತು.

ಅದಕ್ಕೂ ಮೊದಲೇ, 1973ರಲ್ಲಿ, ಜೆರ್ರಿ ಜೆಫ್ ವಾಕರ್ ಎಂಬ ಹಾಡಿಗರು ಲಕೆನ್‌ಬಾಕಿನ ನೃತ್ಯಶಾಲೆಯಲ್ಲಿಯೇ ಧ್ವನಿಮುದ್ರಣಕ್ಕೆ ಅಣಿಯಾದರು. ಊರನ್ನು ಕೊಂಡಿದ್ದ ಹಾಂಡೋ ಕ್ರೌಚ್ ಎಂಬ ವಿನೋದಶೀಲ ಕೃಷಿಕರು ಅವರಿಗೆ ಆಸರೆಯಾದರು. ದನಿ ಚದುರದಿರಲೆಂದು ಒಣಹುಲ್ಲಿನ ಪಿಂಡಿಗಳನ್ನು ಅಡ್ಡವಿರಿಸಿದರಂತೆ! 'ವೀವಾ ಟರ್ಲಿಂಗ್ವಾ' ಎಂಬ ಆ ಮುದ್ರಿಕೆಯಲ್ಲಿ ಕೇಳುಗರ ಕೇಕೆ, ಚಪ್ಪಾಳೆಗಳೂ ಕೂಡಿವೆ. ಸ್ವತಃ ಹಾಡು ಕಟ್ಟಿ ಹಾಡುವ ತರುಣರಿಗೆ ಅದು ದಾರಿ ತೋರಿತೆಂದರೆ ಅತಿಶಯೋಕ್ತಿಯಲ್ಲ.

ಆದರೆ ಊರಿನ ಹೆಸರು ಮನೆಮಾತಾದುದು 1977ರಲ್ಲಿ ವೇಲನ್ ಜೆನ್ನಿಂಗ್ಸ್ ಹಾಡಿದ ಗೀತೆಯಿಂದ. ಅದನ್ನು ರಚಿಸಿದ ಇಬ್ಬರೂ ಅಲ್ಲಿಯವರೆಗೆ ಲಕೆನ್‌ಬಾಕನ್ನು ಕಂಡಿರಲಿಲ್ಲವೆಂಬುದು ಸೋಜಿಗ. ಹಾಡು ಹಬ್ಬಿದ ಮೇಲೆ ಅಭಿಮಾನಿಗಳು ರಸ್ತೆಯ ನಾಮಫಲಕಗಳನ್ನೇ ಕದ್ದೊಯ್ಯತೊಡಗಿದರು. ನಿಜವಾಗಿ ಊರಿಗೆ ಹೋಗಬೇಕೆಂದವರು ದಾರಿ ತಪ್ಪುವಂತಾಯಿತು.

ಕಂಪನಿಯ ಹಂಗಿಲ್ಲದೆ ಬಾಳುವುದು ಸುಲಭವೇನಲ್ಲ. ನೂರಾರು ಮೈಲಿ ತಾವೇ ವಾಹನ ನಡೆಸಿ, ರಾತ್ರಿಯೆಲ್ಲ ಹಾಡಿ, ಬಾಗಿಲ ಬಳಿ ತಮ್ಮ ಮುದ್ರಿಕೆಗಳನ್ನು ತಾವೇ ಮಾರಿ ಸಂಸಾರ ತೂಗಿಸಬೇಕು. ಟೌನ್ಸ್ ವ್ಯಾನ್ ಜಾಂಡ್ಟರಂತಹ ಶ್ರೇಷ್ಠ ಕವಿಗಾಯಕರ 'ಪ್ಯಾಂಚೋ ಅಂಡ್ ಲೆಫ್ಟಿ' ಕೂಡ 1983ರಲ್ಲಿ ಪಟ್ಟಿಯ ಅಗ್ರಸ್ಥಾನಕ್ಕೇರಿದ್ದು ನೆಲ್ಸನ್ ಮತ್ತು ಮರ್ಲ್ ಹ್ಯಾಗರ್ಡರ ದನಿಯಲ್ಲಿ. ಆದರೂ ಕಾಲ ತುಸು ಬದಲಾಗಿದೆ. 2015ರಲ್ಲಿ ಟೆಕ್ಸಾಸಿನ ಆರನ್ ವಾಟ್ಸನ್ ದೊಡ್ಡ ಕಂಪನಿಯ ನೆರವಿಲ್ಲದೆ ಹೊರತಂದ 'ದಿ ಅಂಡರ್‌ಡಾಗ್' ಮೊದಲ ವಾರವೇ ಕಂಟ್ರಿ ಮುದ್ರಿಕೆಗಳ ರಾಷ್ಟ್ರೀಯ ಪಟ್ಟಿಯಲ್ಲಿ ಪ್ರಥಮ ಸ್ಥಾನ ಪಡೆಯಿತು.

ಆ ನಾಡಿನಲ್ಲಿ ಮಕ್ಕಳಿರುವ ನಮ್ಮ ಹಿರಿಯರು ಅತ್ತ ಹೋದಾಗ ಒಂದು ದಿನವನ್ನು ಈ ಊರಿಗಾಗಿ ಮೀಸಲಿಡಬಹುದು. ವಸಂತವಾದರೆ ದಾರಿಯುದ್ದಕ್ಕೂ ನೀಲಿ ಹೂಗಳು. ಅಂಗಡಿಯಲ್ಲಿ ಬಿಯರ್ ಮಾರುವುದುಂಟು, ನಮ್ಮ ಕುಟುಂಬದವರಿಗೆ ಅದು ಮೆಚ್ಚಿಗೆಯಾಗದಿರಬಹುದು. ಹೊರಗೆ ಮರದಡಿ ಕುಳಿತರೆ ಅದರ ಗೊಡವೆಯಿಲ್ಲ. ಅಲ್ಲಿ ಗಿಟಾರ್ ಹಿಡಿದವರು ವೃತ್ತಾಕಾರವಾಗಿ ಕುಳಿತಿರುತ್ತಾರೆ, ಒಬ್ಬರ ಸರದಿ ಮುಗಿದ ಮೇಲೆ ಮತ್ತೊಬ್ಬರು ಹಾಡುತ್ತಾರೆ.