ವೋಚರ್ ಇಲ್ಲದ ಮಾತುಗಳು

ಪ್ರಥಮ ಪಿಯುಸಿಯ ಮೊದಲ ವಾರದಲ್ಲೇ ನಮ್ಮ ಅಕೌಂಟೆನ್ಸಿ ಸರ್ ಹೇಳಿದ ಮಾತೊಂದು ನನಗೆ ಇನ್ನೂ ನೆನಪಿದೆ. ವೋಚರ್ ಇಲ್ಲದೆ ಎಂಟ್ರಿ ಮಾಡಬಾರದು. ಹಣ ಬಂತು ಅಂತ ಬರೆದರೆ ಎಲ್ಲಿಂದ ಬಂತು, ಚೀಟಿ ಎಲ್ಲಿ ಅಂತ ತೋರಿಸಬೇಕು. ಆ ಮಾತನ್ನು ನಾನು ಪರೀಕ್ಷೆಗೆ ಓದಿಕೊಂಡೆ, ಅಂಕವೂ ಬಂತು. ಆದರೆ ಅದರ ನಿಜವಾದ ಅರ್ಥ ಗೊತ್ತಾಗಿದ್ದು ಕ್ಲಾಸಿನಲ್ಲಲ್ಲ, ಸ್ಟೇಡಿಯಂನಲ್ಲಿ.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ನಾನು ಓಡಲು ಶುರು ಮಾಡಿದೆ. ಫಜರ್ ನಮಾಜ್ ಮುಗಿಸಿ ನೇರವಾಗಿ ಜಿಲ್ಲಾ ಕ್ರೀಡಾಂಗಣಕ್ಕೆ ಹೋಗುತ್ತಿದ್ದೆ. ಅಲ್ಲಿ ಬೆಳಗಿನ ಜಾವ ಒಂದು ಬೇರೆಯೇ ಊರು ಇರುತ್ತದೆ. ಪೊಲೀಸ್ ಮತ್ತು ಸೇನೆಯ ದೈಹಿಕ ಪರೀಕ್ಷೆಗೆ ತಯಾರಾಗುವ ಹುಡುಗರು, ಸಕ್ಕರೆ ಕಾಯಿಲೆಗೆ ನಡೆಯುವ ಹಿರಿಯರು, ಸುಮ್ಮನೆ ಓಡುವ ನನ್ನಂಥವರು. ಕೆಲವೇ ದಿನಗಳಲ್ಲಿ ನಮ್ಮದೊಂದು ಗುಂಪಾಯಿತು. ಬ್ಯಾಂಕಿನಿಂದ ನಿವೃತ್ತರಾದ ಒಬ್ಬ ಅಂಕಲ್, ರಾತ್ರಿ ಪಾಳಿ ಇಲ್ಲದ ದಿನ ಬರುವ ಒಬ್ಬ ನರ್ಸ್ ಅಕ್ಕ, ನಮ್ಮ ಗಲ್ಲಿಯವನೇ ಆದ, ಕಾನ್‌ಸ್ಟೇಬಲ್ ಆಗಬೇಕೆಂದಿದ್ದ ಅಣ್ಣ, ಮತ್ತು ನಾನು. ಓಟ ಮುಗಿದ ಮೇಲೆ ಗ್ಯಾಲರಿಯ ಮೆಟ್ಟಿಲ ಮೇಲೆ ಕೂತು ಚಹಾ ಕುಡಿಯುತ್ತಿದ್ದೆವು. ಓಡುವುದು ಅರ್ಧ ಗಂಟೆ, ಮಾತು ಮುಕ್ಕಾಲು ಗಂಟೆ.

ಮೊದಲ ತಪ್ಪು ನನ್ನದೇ. ಟ್ರ್ಯಾಕಿನ ಒಂದು ಸುತ್ತು ಎಂದರೆ 400 ಮೀಟರ್ ಅಂತ ಎಲ್ಲರಿಗೂ ಗೊತ್ತು. ಒಳಗಿನ ಲೇನಿನಲ್ಲಿ ಜೋರಾಗಿ ಓಡುವವರು ಇರುತ್ತಾರೆಂದು ನಾನು ಸಂಕೋಚದಿಂದ ಎಲ್ಲಕ್ಕಿಂತ ಹೊರಗಿನ ಎಂಟನೇ ಲೇನ್ ಹಿಡಿಯುತ್ತಿದ್ದೆ. ಹತ್ತು ಸುತ್ತು ಓಡಿ ನಾಲ್ಕು ಕಿಲೋಮೀಟರ್ ಅಂತ ಲೆಕ್ಕ ಹಾಕುತ್ತಿದ್ದೆ. ಒಳಗೆ ಓಡುವ ಅಣ್ಣನ ಹತ್ತು ಸುತ್ತಿಗಿಂತ ನನಗೆ ಯಾವಾಗಲೂ ತುಂಬಾ ಹೊತ್ತು ಹಿಡಿಯುತ್ತಿತ್ತು. ನನ್ನಿಂದ ಓಟ ಆಗಲ್ಲ ಅಂತ ಬೇಜಾರು ಮಾಡಿಕೊಂಡಿದ್ದೆ. ಒಂದು ದಿನ ಬ್ಯಾಂಕ್ ಅಂಕಲ್ ಕೇಳಿದರು: "ಒಲಿಂಪಿಕ್ಸ್‌ನಲ್ಲಿ 400 ಮೀಟರ್ ಓಟದವರು ಒಂದೇ ಗೆರೆಯಲ್ಲಿ ನಿಲ್ಲದೆ ಹಿಂದೆ ಮುಂದೆ ಯಾಕೆ ನಿಲ್ಲುತ್ತಾರೆ ಹೇಳು?" ಆಗ ನನ್ನ ತಲೆಗೆ ಹೊಳೆಯಿತು. ಹೊರಗಿನ ವೃತ್ತ ದೊಡ್ಡದು. 400 ಮೀಟರ್ ಇರುವುದು ಮೊದಲ ಲೇನಿನಲ್ಲಿ ಮಾತ್ರ. ಎಂಟನೇ ಲೇನಿನಲ್ಲಿ ಒಂದು ಪೂರ್ತಿ ಸುತ್ತು ಸುಮಾರು 453 ಮೀಟರ್. ಹತ್ತು ಸುತ್ತಿಗೆ ನಾನು ಅರ್ಧ ಕಿಲೋಮೀಟರಿಗಿಂತ ಹೆಚ್ಚು ಜಾಸ್ತಿ ಓಡುತ್ತಿದ್ದೆ! ಎಲ್ಲರೂ ನಕ್ಕರು, ನಾನೂ ನಕ್ಕೆ. ಅವತ್ತಿನಿಂದ ಗುಂಪಿನಲ್ಲಿ ಯಾರು ಏನು ಹೇಳಿದರೂ ನಾನು ತಮಾಷೆಗೆ "ವೋಚರ್ ಎಲ್ಲಿ?" ಎಂದು ಕೇಳುವುದು ರೂಢಿಯಾಯಿತು.

ಮನೆಯಲ್ಲಿ ಇನ್ನೊಂದು ಜಗಳ. ಅಬ್ಬಾ ಟೈಲರ್. ಬೆಳಗಿನಿಂದ ರಾತ್ರಿಯವರೆಗೆ ಮೆಷಿನ್ ಮುಂದೆ ಕೂತಿರುತ್ತಾರೆ. ಅವರಿಗೆ ಶುಗರ್ ಇದೆ, ಡಾಕ್ಟರ್ ದಿನಾ ನಡೆಯಲು ಹೇಳಿದ್ದಾರೆ. ಆದರೆ ಅಬ್ಬಾ "ಘುಟ್ನೆ ಘಿಸ್ ಜಾತೇ ರೇ" ಅಂತ ತಮ್ಮ ಮೊಣಕಾಲು ಮುಟ್ಟಿ ತೋರಿಸುತ್ತಾರೆ. ಮೊಣಕಾಲು ಟೈರಿನ ಹಾಗೆ, ಓಡಿಸಿದಷ್ಟೂ ಸವೆಯುತ್ತದೆ ಎಂಬುದು ಅವರ ನಂಬಿಕೆ. ನಾನು ಓಡುವುದಕ್ಕೂ ಅದೇ ಕಾರಣಕ್ಕೆ ಅವರ ವಿರೋಧ.

ಇದನ್ನು ಗುಂಪಿನಲ್ಲಿ ಹೇಳಿದಾಗ ನರ್ಸ್ ಅಕ್ಕ ಮರುದಿನ ಫೋನಿನಲ್ಲಿ ಒಂದು ಲೇಖನ ತೋರಿಸಿದರು. 2017ರಲ್ಲಿ ಪ್ರಕಟವಾದದ್ದು. ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ್ದರು. ಸೊಂಟ ಅಥವಾ ಮೊಣಕಾಲಿನ ಸಂಧಿ ಸವೆತ ಹವ್ಯಾಸಕ್ಕೆ ಓಡುವವರಲ್ಲಿ ಶೇ. 3.5, ಓಡದೆ ಕೂತಿರುವವರಲ್ಲಿ ಶೇ. 10.2, ದೊಡ್ಡ ಸ್ಪರ್ಧೆಗಳಿಗೆ ಓಡುವವರಲ್ಲಿ ಶೇ. 13.3 ಇತ್ತು. ನನಗೆ ಖುಷಿಯೋ ಖುಷಿ. ಆದರೆ ಅಕ್ಕ ನನ್ನನ್ನು ತಡೆದರು. "ಇದರಿಂದ ಓಟವೇ ಮೊಣಕಾಲನ್ನು ಕಾಪಾಡುತ್ತದೆ ಅಂತ ಪೂರ್ತಿ ಹೇಳೋಕೆ ಆಗಲ್ಲ. ಮೊಣಕಾಲು ನೋವು ಬಂದವರು ಓಡೋದನ್ನೇ ಬಿಟ್ಟಿರಬಹುದಲ್ಲ? ಆದರೆ ಮಿತವಾಗಿ ಓಡಿದರೆ ಮೊಣಕಾಲು ಹಾಳು ಅನ್ನೋದಕ್ಕೆ ಆಧಾರ ಇಲ್ಲ" ಎಂದರು. ನಮಗೆ ಬೇಕಾದ ಅಂಕಿ ಸಿಕ್ಕಾಗಲೂ ಅದನ್ನು ಅಷ್ಟೇ ಎಚ್ಚರಿಕೆಯಿಂದ ನೋಡಬೇಕು ಎಂದು ನಾನು ಮೊದಲ ಸಲ ಕಲಿತದ್ದು ಅವತ್ತು.

ಹೀಗೆ ದಿನಕ್ಕೊಂದು ವಿಷಯ ಬರುತ್ತಿತ್ತು. ಬರಿಗಾಲಲ್ಲಿ ಓಡಿದರೆ ವೇಗ ಜಾಸ್ತಿ ಎಂದು ಅಣ್ಣ ಒಮ್ಮೆ ಹೇಳಿದ. ಇಥಿಯೋಪಿಯಾದ ಅಬೆಬೆ ಬಿಕಿಲಾ 1960ರ ರೋಮ್ ಒಲಿಂಪಿಕ್ಸ್ ಮ್ಯಾರಥಾನ್ ಅನ್ನು ಬರಿಗಾಲಲ್ಲೇ ಗೆದ್ದದ್ದು ಅವನ ಪುರಾವೆ. ಅದು ನಿಜವೇ. ಆದರೆ ಅದೇ ಬಿಕಿಲಾ 1964ರಲ್ಲಿ ಟೋಕಿಯೋದಲ್ಲಿ ಶೂ ಹಾಕಿಕೊಂಡು ಓಡಿ, ರೋಮ್‌ಗಿಂತ ಮೂರು ನಿಮಿಷ ಬೇಗ ಮುಗಿಸಿದರು. ಅರ್ಧ ಕಥೆ ಕೇಳಿದರೆ ಬರಿಗಾಲು ಗೆಲ್ಲುತ್ತದೆ, ಪೂರ್ತಿ ಕೇಳಿದರೆ ಬಿಕಿಲಾ ಗೆಲ್ಲುತ್ತಾರೆ.

ನೀರು ಎಷ್ಟು ಕುಡಿದರೂ ಒಳ್ಳೆಯದೇ ಎಂಬುದು ಬ್ಯಾಂಕ್ ಅಂಕಲ್ ನಂಬಿಕೆ. ಅದೂ ತಪ್ಪಂತೆ. 2002ರ ಬಾಸ್ಟನ್ ಮ್ಯಾರಥಾನ್ ಓಡಿದ 488 ಜನರ ರಕ್ತ ಪರೀಕ್ಷಿಸಿದಾಗ ಶೇ. 13 ಮಂದಿಯಲ್ಲಿ ಸೋಡಿಯಂ ಕಡಿಮೆಯಾಗಿತ್ತು. ಅತಿಯಾಗಿ ಕುಡಿದದ್ದೇ ಅದಕ್ಕೆ ಮುಖ್ಯ ಕಾರಣ. ಇದಕ್ಕೆ ತದ್ವಿರುದ್ಧ ತಪ್ಪನ್ನು ನಾವು ಹುಡುಗರು ರಂಜಾನ್‌ನಲ್ಲಿ ಮಾಡುತ್ತೇವೆ. ರೋಜಾ ಇಟ್ಟು ಬಿಸಿಲಲ್ಲಿ ಓಡಿ ಬೆವರಿದರೆ ಕೊಬ್ಬು ಕರಗುತ್ತದೆ ಎಂದುಕೊಳ್ಳುತ್ತೇವೆ. ಬೆವರು ಕೊಬ್ಬಲ್ಲ, ನೀರು. ಇಫ್ತಾರ್‌ನಲ್ಲಿ ಕುಡಿದ ತಕ್ಷಣ ತೂಕದ ಮುಳ್ಳು ಮತ್ತೆ ಮೇಲೇರುತ್ತದೆ. ಓಡಲೇಬೇಕಿದ್ದರೆ ಇಫ್ತಾರ್‌ಗೆ ಸ್ವಲ್ಪ ಮುಂಚೆ ನಿಧಾನವಾಗಿ, ಇಲ್ಲವೇ ರಾತ್ರಿ ಊಟವಾಗಿ ಸ್ವಲ್ಪ ಹೊತ್ತಾದ ಮೇಲೆ ಓಡಿ, ತಲೆ ಸುತ್ತಿದರೆ ನಿಲ್ಲಿಸಿ ಎಂದು ಅಕ್ಕ ಹೇಳಿದರು.

ಅಕ್ಕನಿಗೇ ಒಬ್ಬರು ಸ್ಟೇಡಿಯಂನಲ್ಲಿ, ಹೆಣ್ಣುಮಕ್ಕಳು ಹೀಗೆ ಓಡಿದರೆ ಗರ್ಭಕೋಶಕ್ಕೆ ತೊಂದರೆ ಎಂದಿದ್ದರಂತೆ. ನಮ್ಮ ಅಮ್ಮಿಯೂ ಅದನ್ನೇ ಹೇಳುವುದು. ಹಾಗೆ ನಂಬಿದವರು ನಮ್ಮ ಊರಿನವರು ಮಾತ್ರವಲ್ಲ. 1928ರ ಒಲಿಂಪಿಕ್ಸ್‌ನಲ್ಲಿ ಮಹಿಳೆಯರ 800 ಮೀಟರ್ ಓಟ ನಡೆಸಿ, ಅದು ಅವರ ದೇಹಕ್ಕೆ ಭಾರವೆಂದು ತೆಗೆದುಹಾಕಿದರು. ಮತ್ತೆ ಸೇರಿಸಿದ್ದು 1960ರಲ್ಲಿ. ಮಹಿಳೆಯರ ಮ್ಯಾರಥಾನ್ ಬಂದದ್ದು 1984ರಲ್ಲಿ. 2024ರಲ್ಲಿ ಪ್ಯಾರಿಸ್‌ನಲ್ಲಿ ಆ ಮ್ಯಾರಥಾನ್ ಗೆದ್ದ ಸಿಫಾನ್ ಹಸನ್ ಹಿಜಾಬ್ ಧರಿಸಿ ಚಿನ್ನದ ಪದಕ ಸ್ವೀಕರಿಸಿದರು. ಆ ಫೋಟೋವನ್ನು ನನ್ನ ತಂಗಿ ಕಬೋರ್ಡ್ ಬಾಗಿಲ ಒಳಗೆ ಅಂಟಿಸಿದ್ದಾಳೆ.

ಇಷ್ಟೆಲ್ಲ ಓದಿ ನಾನು ಬಹಳ ತಿಳಿದವನು ಎಂದುಕೊಳ್ಳಬೇಡಿ. ಈಗ ಹೇಳುವುದು ನಾನು ಯಾರಿಗೂ ಹೇಳದ ವಿಷಯ.

ಕಾನ್‌ಸ್ಟೇಬಲ್ ಹುದ್ದೆಯ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನಲ್ಲಿ ಓಡಬೇಕು. ಅಂದರೆ ನಾಲ್ಕು ಸುತ್ತು, ಸುತ್ತಿಗೆ 97 ಸೆಕೆಂಡು ಚಿಲ್ಲರೆ. ನಮ್ಮ ಅಣ್ಣ 6 ನಿಮಿಷ 48 ಸೆಕೆಂಡಿನಲ್ಲಿ ನಿಂತಿದ್ದ. ಲಿಖಿತ ಪರೀಕ್ಷೆ ಪಾಸಾಗಿತ್ತು. ಉಳಿದದ್ದು ನಾಲ್ಕು ವಾರ, ಕಡಿಮೆ ಮಾಡಬೇಕಾದದ್ದು 18 ಸೆಕೆಂಡು. ಅವನು ದಿನಕ್ಕೆ ಎರಡು ಹೊತ್ತು ಓಡಲು ಶುರು ಮಾಡಿದ. ಸ್ಟಾಪ್‌ವಾಚ್ ಹಿಡಿಯುವ ಕೆಲಸ ನನ್ನದು.

ಎರಡನೇ ವಾರ ಅವನಿಗೆ ಎಡ ಕಣಕಾಲಿನ ಮೂಳೆಯಲ್ಲಿ ನೋವು ಶುರುವಾಯಿತು. ಆ ವಾರ ನರ್ಸ್ ಅಕ್ಕನಿಗೆ ರಾತ್ರಿ ಪಾಳಿ, ಅವರು ಬರುತ್ತಿರಲಿಲ್ಲ. ಅಣ್ಣ ನನ್ನನ್ನು ಕೇಳಿದ. ನಾನು ಮೊಬೈಲಿನಲ್ಲಿ ನೋಡಿದ್ದನ್ನೆಲ್ಲ ಸೇರಿಸಿ ಡಾಕ್ಟರ್ ಹಾಗೆ ಹೇಳಿದೆ: "ಅದು ಲ್ಯಾಕ್ಟಿಕ್ ಆಸಿಡ್ ಅಣ್ಣ. ಓಡಿದರೆ ತಾನೇ ಕರಗುತ್ತೆ. ನೋವಿಲ್ಲದೆ ಗೆಲುವಿಲ್ಲ." ಅವನು ಓಡಿದ. ನೋವು ಹೆಚ್ಚಿತು. ಮನೆಯವರು ಬಲವಂತ ಮಾಡಿ ಎಕ್ಸ್‌ರೇ ತೆಗೆಸಿದರು. ಏನೂ ಕಾಣಲಿಲ್ಲ. ಸ್ವಲ್ಪ ದಿನ ರೆಸ್ಟ್ ಮಾಡಿ, ನೋವು ಹೋಗದಿದ್ದರೆ ಮತ್ತೆ ಬನ್ನಿ ಅಂದಿದ್ದರಂತೆ. ಆಗಲೂ ನಾನೇ ಹೇಳಿದೆ: "ನೋಡು, ಎಕ್ಸ್‌ರೇ ಕ್ಲಿಯರ್. ಇನ್ನೇನು ಭಯ?"

ಅಕ್ಕ ಬಂದ ದಿನ ಅವನ ಕುಂಟು ನಡಿಗೆ ನೋಡಿ ಮೆಟ್ಟಿಲ ಮೇಲೆ ಕೂರಿಸಿದರು. ಬೆರಳಿನಿಂದ ಮೂಳೆಯುದ್ದಕ್ಕೂ ಒತ್ತುತ್ತಾ ಹೋದರು. ಒಂದೇ ಒಂದು ಜಾಗದಲ್ಲಿ ಅವನು ಕಿರುಚಿದ. ರಾತ್ರಿ ಮಲಗಿದಾಗಲೂ ನೋಯುತ್ತದಾ ಎಂದು ಕೇಳಿದರು, ಹೌದು ಎಂದ. "ನಾಳೆಯಿಂದ ಓಡಬೇಡ, ಮೂಳೆ ಡಾಕ್ಟರ್ ಹತ್ತಿರ ಹೋಗು" ಎಂದಷ್ಟೇ ಹೇಳಿದರು. ಎಂಆರ್‌ಐ ಮಾಡಿಸಿದಾಗ ಮೂಳೆಯಲ್ಲಿ ಸಣ್ಣ ಬಿರುಕು ಕಂಡಿತು. ಪದೇ ಪದೇ ಬೀಳುವ ಒತ್ತಡದಿಂದ ಆಗುವ ಇಂಥ ಬಿರುಕು ಮೊದಲ ವಾರಗಳ ಎಕ್ಸ್‌ರೇಯಲ್ಲಿ ಬಹಳ ಸಲ ಕಾಣುವುದೇ ಇಲ್ಲವಂತೆ. ಎರಡು ತಿಂಗಳು ಓಡಬಾರದು ಎಂದರು. ದೈಹಿಕ ಪರೀಕ್ಷೆಗೆ ಉಳಿದದ್ದು ಒಂಬತ್ತು ದಿನ. ಅವನು ಹೋಗಲಿಲ್ಲ.

ಲ್ಯಾಕ್ಟಿಕ್ ಆಸಿಡ್ ಬಗ್ಗೆ ನಾನು ಆಮೇಲೆ ಓದಿದೆ. ಓಟ ನಿಲ್ಲಿಸಿದ ಒಂದು ಗಂಟೆಯೊಳಗೇ ರಕ್ತದಲ್ಲಿ ಅದು ಮಾಮೂಲಿ ಮಟ್ಟಕ್ಕೆ ಇಳಿಯುತ್ತದೆ. ಮರುದಿನದ ಮೈಕೈ ನೋವಿಗೆ ಅದು ಕಾರಣವೇ ಅಲ್ಲ. ಅದು ಅಭ್ಯಾಸವಿಲ್ಲದ ಕೆಲಸದಿಂದ ಸ್ನಾಯುವಿನ ಎಳೆಗಳಿಗೆ ಆಗುವ ಸಣ್ಣ ಪೆಟ್ಟು. ಎರಡು ಮೂರು ದಿನದಲ್ಲಿ ಕಡಿಮೆಯಾಗುತ್ತದೆ. ಆದರೆ ಮೂಳೆಯ ಮೇಲೆ ಒಂದೇ ಜಾಗದಲ್ಲಿ, ದಿನದಿಂದ ದಿನಕ್ಕೆ ಹೆಚ್ಚುವ ನೋವು ಬೇರೆ. ಅದು ನಿಲ್ಲು ಎಂಬ ಸೂಚನೆ. ಇಷ್ಟನ್ನು ಓದಲು ನನಗೆ ಹತ್ತು ನಿಮಿಷ ಸಾಕಾಯಿತು. ಆ ಹತ್ತು ನಿಮಿಷವನ್ನು ನಾನು ಮೊದಲೇ ಕೊಡಲಿಲ್ಲ. ಎಲ್ಲರನ್ನೂ ವೋಚರ್ ಕೇಳುತ್ತಿದ್ದ ನಾನು ನನ್ನ ಮಾತಿಗೆ ಮಾತ್ರ ಕೇಳಿಕೊಳ್ಳಲಿಲ್ಲ.

ಒಂದು ವಾರ ಅವನ ಮನೆ ಮುಂದೆ ಹೋಗುವುದನ್ನೇ ತಪ್ಪಿಸಿ ಸುತ್ತಿಬಳಸಿ ಕಾಲೇಜಿಗೆ ಹೋದೆ. ವಿಷಯ ತಿಳಿದ ಅಬ್ಬಾ ಬೈಯಲಿಲ್ಲ. "ಹೊಲಿಗೆ ತಪ್ಪಾದರೆ ಗಿರಾಕಿ ಮುಂದೆ ಹೋಗಿ ನಿಲ್ಲಬೇಕು, ಅಂಗಡಿ ಬಾಗಿಲು ಹಾಕಿಕೊಂಡರೆ ಆಗುತ್ತಾ?" ಎಂದರು. ಸಂಜೆ ಹೋದೆ. ಅಣ್ಣ ಕಾಲು ದಿಂಬಿನ ಮೇಲಿಟ್ಟು ಸಾಮಾನ್ಯ ಜ್ಞಾನದ ಪುಸ್ತಕ ಓದುತ್ತಿದ್ದ. ತಪ್ಪಾಯಿತು ಎಂದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀನು ಹೇಳಿದೆ ಅಂತ ಮಾತ್ರ ಓಡಲಿಲ್ಲ ಕಣೋ. ನನಗೂ ಅದೇ ಮಾತು ಬೇಕಾಗಿತ್ತು. ನಿಲ್ಲಿಸು ಅಂತ ಹೇಳಿದ್ದರೆ ಬೇರೆಯವರನ್ನು ಕೇಳುತ್ತಿದ್ದೆ" ಎಂದ. ಅವನ ತಾಯಿ ಚಹಾ ತಂದುಕೊಟ್ಟರು. ಆ ಚಹಾ ಗಂಟಲಲ್ಲಿ ಇಳಿಯಲಿಲ್ಲ. ಅವರಿಗೆ ನಾನು ಏನು ಹೇಳಿದ್ದೆ ಎಂಬುದು ಗೊತ್ತಿರಲಿಲ್ಲ.

ಅಣ್ಣನ ಮಾತನ್ನು ನಾನು ತುಂಬಾ ಯೋಚಿಸಿದೆ. ತಪ್ಪು ತಿಳುವಳಿಕೆ ಹರಡುವುದು ಹೇಳುವವನಿಂದ ಮಾತ್ರವಲ್ಲ, ಅದನ್ನೇ ಕೇಳಬೇಕೆಂದು ಕಾಯುವವನಿಂದಲೂ. ಅಬ್ಬಾಗೆ ನಡೆಯಲು ಮನಸ್ಸಿರಲಿಲ್ಲ, ಆದ್ದರಿಂದ ಮೊಣಕಾಲಿನ ಮಾತು ಹಿತವಾಗಿತ್ತು. ಅಣ್ಣನಿಗೆ ನಿಲ್ಲಿಸಲು ಮನಸ್ಸಿರಲಿಲ್ಲ, ಆದ್ದರಿಂದ ನನ್ನ ಮಾತು ಹಿತವಾಗಿತ್ತು. ನನಗೆ ತಿಳಿದವನಂತೆ ಕಾಣಿಸಿಕೊಳ್ಳುವ ಆಸೆಯಿತ್ತು.

ಈಗ ನಮ್ಮ ಗುಂಪಿನಲ್ಲಿ ಒಂದು ನೋಟ್‌ಬುಕ್ ಇದೆ. ಯಾರಾದರೂ ಏನಾದರೂ ಹೇಳಿದರೆ ಮೂರು ಪ್ರಶ್ನೆ ಬರೆಯುತ್ತೇವೆ. ಯಾರು ಹೇಳಿದರು? ಅವರಿಗೆ ಹೇಗೆ ಗೊತ್ತು? ತಪ್ಪಾದರೆ ಯಾರಿಗೆ ನಷ್ಟ? ಮೂರನೆಯ ಪ್ರಶ್ನೆ ಸೇರಿಸಿದ್ದು ನಾನು.

ಅಬ್ಬಾ ಈಗ ಭಾನುವಾರಗಳಲ್ಲಿ ಸ್ಟೇಡಿಯಂಗೆ ಬರುತ್ತಾರೆ, ನಡೆಯಲು ಮಾತ್ರ. ಮೊಣಕಾಲಿನ ವಾದವನ್ನು ಇನ್ನೂ ಪೂರ್ತಿ ಬಿಟ್ಟಿಲ್ಲ. ಅಣ್ಣ ಡಾಕ್ಟರ್ ಹೇಳಿದ ಹಾಗೆ ಒಂದು ನಿಮಿಷ ಓಡಿ ಎರಡು ನಿಮಿಷ ನಡೆಯುತ್ತಿದ್ದಾನೆ. ಮುಂದಿನ ನೇಮಕಾತಿಗೆ ಕಾಯುತ್ತಿದ್ದಾನೆ. ಮೊನ್ನೆ ಟ್ರ್ಯಾಕಿನ ಪಕ್ಕ ನಿಂತು, "ಇವತ್ತು ಒಂದು ಸುತ್ತು ಪೂರ್ತಿ ಓಡಲಾ?" ಎಂದು ನನ್ನನ್ನೇ ಕೇಳಿದ.

"ನನಗೆ ಗೊತ್ತಿಲ್ಲ ಅಣ್ಣ. ಡಾಕ್ಟರನ್ನು ಕೇಳಿ ಓಡು" ಎಂದೆ.

ಅವನು ನಕ್ಕು ನಡೆಯಲು ಶುರು ಮಾಡಿದ. ನಾನೂ ಜೊತೆಗೆ ನಡೆದೆ.