ಕಳ್ಳನ ಪಾತ್ರಕ್ಕೊಂದು ಚರಿತ್ರೆ

ಬೆಳ್ಳಾವೆ ನರಹರಿ ಶಾಸ್ತ್ರಿಗಳ ನಾಟಕದ ಹೆಸರು ‘ಸದಾರಮೆ’. ಕಥೆ ಅವಳದ್ದು, ಕಷ್ಟ ಅವಳದ್ದು, ಜಾಣ್ಮೆಯಿಂದ ಪಾರಾಗುವವಳೂ ಅವಳೇ. ಆದರೆ ಗುಬ್ಬಿ ಕಂಪನಿಯ ‘ಸದಾರಮೆ’ಯನ್ನು ನೋಡಿದ ತಲೆಮಾರು ಮನೆಗೆ ಹೊತ್ತುಕೊಂಡು ಹೋದದ್ದು ಅದರಲ್ಲಿ ಬರುವ ಕಳ್ಳನನ್ನು. ಆ ಕಳ್ಳ ಗುಬ್ಬಿ ವೀರಣ್ಣ. ಕಂಪನಿಯ ಮಾಲೀಕರೂ ಅವರೇ.

ನನ್ನ ಪಿಎಚ್‌.ಡಿ. ವಿಷಯ ಎರಡು ಮಹಾಯುದ್ಧಗಳ ನಡುವಿನ ಕಂಪನಿ ನಾಟಕಗಳ ಹಾಸ್ಯನಟರು. ಇದನ್ನು ಮನೆಯಲ್ಲಿ ಹೇಳಿದಾಗ ಸೋದರಮಾವ ಕೇಳಿದ್ದು ಒಂದೇ ಪ್ರಶ್ನೆ: “ಗುಬ್ಬಿ ಕಂಪನಿ ಘಟ್ಟದ ಮೇಲಿನದ್ದಲ್ವಾ ಮಾರಾಯ್ತಿ? ಮಂಗಳೂರಲ್ಲಿ ಕೂತು ನಿನಗೆಂತ ಅದರ ಉಸಾಬರಿ?” ಪ್ರಶ್ನೆ ಸುಮ್ಮನೆ ತಳ್ಳಿಹಾಕುವಂಥದ್ದಲ್ಲ. ಆಗ ನಮ್ಮ ಜಿಲ್ಲೆ ಮದ್ರಾಸ್ ಪ್ರೆಸಿಡೆನ್ಸಿಯಲ್ಲಿತ್ತು, ಗುಬ್ಬಿ ಮೈಸೂರು ಸಂಸ್ಥಾನದಲ್ಲಿತ್ತು. ಹಾಸನದಿಂದ ಮಂಗಳೂರಿಗೆ ರೈಲು ಬಂದದ್ದೇ 1979ರಲ್ಲಿ. ಇಲ್ಲಿ ರಾತ್ರಿಗಳನ್ನು ಆಳುತ್ತಿದ್ದದ್ದು ಯಕ್ಷಗಾನ. ಆದರೂ ಬಂಟ್ವಾಳದ ಹತ್ತಿರದ ಮಂಚಿಯ ಹುಡುಗನೊಬ್ಬ ಮನೆ ಬಿಟ್ಟು ಗುಬ್ಬಿ ಕಂಪನಿ ಸೇರಿದ. ಅವನನ್ನು ಮುಂದೆ ಕಾಶಿಗೆ ಓದಲು ಕಳಿಸಿದವರು ವೀರಣ್ಣನವರೇ. ಆ ಹುಡುಗ ಬಿ.ವಿ. ಕಾರಂತ. ಮಾವನಿಗೆ ಇಷ್ಟು ಹೇಳಿದೆ. “ಹಾಗಾದ್ರೆ ಸರಿ” ಎಂದರು, ಪೂರ್ತಿ ಒಪ್ಪಿದ ಹಾಗೆ ಕಾಣಲಿಲ್ಲ.

ಕಂಪನಿ ಹುಟ್ಟಿದ್ದು 1884ರಲ್ಲಿ, ತುಮಕೂರು ಸೀಮೆಯ ಗುಬ್ಬಿಯಲ್ಲಿ. ವೀರಣ್ಣ ಅದೇ ಊರಲ್ಲಿ 1891ರಲ್ಲಿ ಹುಟ್ಟಿ, ಇನ್ನೂ ಚಿಕ್ಕ ಹುಡುಗನಾಗಿದ್ದಾಗಲೇ ಕಂಪನಿಗೆ ಸೇರಿದರು. ಮೊದಲ ಮಹಾಯುದ್ಧ ಮುಗಿಯುವ ಹೊತ್ತಿಗೆ ಕಂಪನಿಯ ಹೊಣೆಯೂ ಅವರ ಹೆಗಲಿಗೆ ಬಂದಿತ್ತು. ಮುಂದಿನ ಎರಡು ದಶಕ ಅವರದ್ದೇ ಕಾಲ.

ಆ ಕಾಲದ ರಂಗಭೂಮಿಯಲ್ಲಿ ದೊಡ್ಡ ನಟ ಎಂದರೆ ದೊಡ್ಡ ಕಂಠ. ಧ್ವನಿವರ್ಧಕದ ನೆರವಿಲ್ಲದೆ ಕೊನೆಯ ಬೆಂಚಿನವನಿಗೂ ಮುಟ್ಟುವ ಹಾಗೆ ಹಾಡಬೇಕು. ಕಾಲು ಹಾರ್ಮೋನಿಯಂ ಜೊತೆಗೆ ರಾಗ ಬೆಳೆಸಬೇಕು. “ಒನ್ಸ್ ಮೋರ್” ಕೂಗು ಎದ್ದರೆ, ಯುದ್ಧವೋ ಸಾವೋ ಏನೇ ನಡೆಯುತ್ತಿರಲಿ, ಹಾಡನ್ನು ಮತ್ತೆ ಎತ್ತಿಕೊಳ್ಳಬೇಕು. 1926ರಲ್ಲಿ ತೀರಿಕೊಂಡ ಎ.ವಿ. ವರದಾಚಾರ್ಯರು ಈ ಬಗೆಯ ನಟನೆಯ ಶಿಖರ. ಯಕ್ಷಗಾನ ನೋಡಿ ಬೆಳೆದ ನಮಗೆ ಇದು ಸ್ವಲ್ಪ ವಿಚಿತ್ರ. ನಮ್ಮಲ್ಲಿ ಹಾಡುವ ಕೆಲಸ ಭಾಗವತರದ್ದು, ವೇಷಧಾರಿಗೆ ಕುಣಿತ ಮತ್ತು ಮಾತು. ಕಂಪನಿ ನಾಟಕದಲ್ಲಿ ಭಾಗವತನೂ ವೇಷಧಾರಿಯೂ ಒಂದೇ ದೇಹದಲ್ಲಿ ಇರಬೇಕಿತ್ತು.

ಅಂಥ ರಂಗದಲ್ಲಿ ಹಾಸ್ಯನಟನಿಗೆ ಬೇರೆಯೇ ಬಂಡವಾಳ ಬೇಕು. ರಾಗದ ಆಸರೆ ಅವನಿಗೆ ಕಡಿಮೆ. ಮಾತಿನ ನಡುವೆ ಎಲ್ಲಿ ನಿಲ್ಲಬೇಕು, ಎಷ್ಟು ಹೊತ್ತು ನಿಲ್ಲಬೇಕು, ಯಾರ ಕಡೆ ನೋಡಬೇಕು ಎಂಬ ಲೆಕ್ಕದ ಮೇಲೆ ಅವನ ಸಂಸಾರ ನಡೆಯುತ್ತದೆ. ಸದಾರಮೆಯನ್ನು ಕದ್ದೊಯ್ಯುವ ಕಳ್ಳನಿಗೆ ಜನ ಹೆದರಬೇಕು, ಅವಳ ಜಾಣತನದ ಮುಂದೆ ಅವನು ಪೆದ್ದನಾಗುವಾಗ ನಗಬೇಕು. ಹೆದರಿಕೆ ಹೆಚ್ಚಾದರೆ ನಗು ಹುಟ್ಟುವುದಿಲ್ಲ, ನಗು ಬೇಗ ಬಂದರೆ ಸದಾರಮೆಯ ಕಷ್ಟ ಸುಳ್ಳಾಗುತ್ತದೆ. ಎದುರಿಗೆ ಸದಾರಮೆಯಾಗಿ ನಿಂತವರು ಬಿ. ಜಯಮ್ಮ. ಗಂಡಸರೇ ಸ್ತ್ರೀಪಾತ್ರ ಮಾಡುವುದು ರೂಢಿಯಾಗಿದ್ದಾಗ ಹೆಣ್ಣುಮಕ್ಕಳನ್ನು ಧೈರ್ಯವಾಗಿ ರಂಗಕ್ಕೆ ತಂದ ಕಂಪನಿ ಅದು. ನಿಜವಾದ ಹೆಣ್ಣೊಬ್ಬಳು ಎದುರಿಗಿದ್ದಾಗ ಕಳ್ಳನ ಅಳತೆ ಇನ್ನಷ್ಟು ನಾಜೂಕಾಗಿರಬೇಕಾಗುತ್ತದೆ.

ನನ್ನನ್ನು ಈ ವಿಷಯಕ್ಕೆ ಕಟ್ಟಿಹಾಕಿದ್ದು ಒಂದು ಸಣ್ಣ ಸಂಗತಿ. ಕಂಪನಿಯ ಮಾಲೀಕನೇ ನಾಯಕ ಪಾತ್ರ ಮಾಡುವುದು ಆಗ ಸಹಜವಾಗಿತ್ತು. ವರದಾಚಾರ್ಯರು ಹಾಗೆ ಮಾಡಿದರು, ಗರುಡ ಸದಾಶಿವರಾಯರೂ ಹಾಗೆ ಮಾಡಿದರು. ದುಡ್ಡು ಹಾಕಿದವನು ಕಿರೀಟ ತೊಡುತ್ತಾನೆ. ವೀರಣ್ಣನವರ ಬಳಿ ಕಿರೀಟಗಳು ಬೇಕಾದಷ್ಟಿದ್ದವು. 1934ರಲ್ಲಿ ‘ಕುರುಕ್ಷೇತ್ರ’ ಆಡಿದಾಗ ಅವರು ನಿಜವಾದ ಆನೆ ಕುದುರೆಗಳನ್ನೇ ರಂಗಕ್ಕೆ ತಂದರು. ಹೀಗೆ ವೈಭವವನ್ನು ಕಂಪನಿಗೆ ಕೊಟ್ಟ ಮನುಷ್ಯ ತನ್ನ ಹೆಸರನ್ನು ಮಾತ್ರ ಹಾಸ್ಯಪಾತ್ರಗಳಿಗೆ ಬರೆದುಕೊಟ್ಟರು. ಹಗಲು ನೂರಾರು ಜನರ ಊಟ, ಸಂಬಳ, ಸಾಲದ ಚಿಂತೆ, ರಾತ್ರಿ ಜನರ ಮುಂದೆ ಪೆದ್ದ ಕಳ್ಳ. ಇದನ್ನು ವಿನಯ ಎಂದು ಕರೆದರೆ ತಪ್ಪಾಗುತ್ತದೆ. ತನ್ನ ಕಸುಬು ಯಾವುದು ಎಂದು ಖಚಿತವಾಗಿ ಗೊತ್ತಿದ್ದವರ ಲೆಕ್ಕಾಚಾರ ಅದು ಎಂದು ನನಗೆ ಅನಿಸುತ್ತದೆ.

ಆದರೆ ‘ಅನಿಸುತ್ತದೆ’ ಎಂಬ ಮಾತಿಗೆ ಸಂಶೋಧನೆಯಲ್ಲಿ ಬೆಲೆ ಕಡಿಮೆ. ನನ್ನ ಮಾರ್ಗದರ್ಶಕರು ಅಧ್ಯಾಯದ ಕರಡಿನ ಅಂಚಿನಲ್ಲಿ ಕೆಂಪು ಶಾಯಿಯಲ್ಲಿ ಬರೆಯುವುದು ಒಂದೇ ಪದ: “ಆಧಾರ?” ಆಧಾರ ಹುಡುಕಹೊರಟರೆ ಹಾಸ್ಯನಟ ಕೈಗೆ ಸಿಗುವುದಿಲ್ಲ. ಅಚ್ಚಾದ ನಾಟಕದಲ್ಲಿ ಅವನ ಮಾತು ಒಂದು ಹಂದರ ಮಾತ್ರ, ಚಪ್ಪಾಳೆ ಬಿದ್ದದ್ದು ಅಂದಂದಿನ ರಾತ್ರಿ ಹುಟ್ಟಿದ ಮಾತಿಗೆ. ಗ್ರಾಮಫೋನ್ ಪ್ಲೇಟಿನ ಒಂದು ಬದಿಯಲ್ಲಿ ಹಿಡಿಯುತ್ತಿದ್ದದ್ದು ಮೂರು ಚಿಲ್ಲರೆ ನಿಮಿಷ. ಅದರಲ್ಲಿ ಹಾಡು ಉಳಿಯುತ್ತದೆ, ಜನರ ನಗುವಿಗಾಗಿ ಕಾದು ನಿಂತ ಆ ಕ್ಷಣ ಉಳಿಯುವುದಿಲ್ಲ. ವೀರಣ್ಣ ಮತ್ತು ಜಯಮ್ಮ 1931ರಲ್ಲಿ ‘ಹಿಸ್ ಲವ್ ಅಫೇರ್’ ಎಂಬ ಚಿತ್ರದಲ್ಲಿ ನಟಿಸಿದರು. ಅದು ಮೂಕಿ ಚಿತ್ರ. ಮಾತಿನಿಂದ ಬದುಕಿದ ನಟ ಸಿನಿಮಾಕ್ಕೆ ಹೋದದ್ದು ಮಾತಿಲ್ಲದ ಕಾಲದಲ್ಲಿ! ‘ಸದಾರಮೆ’ ಟಾಕಿಯಾಗಿ ಬಂದದ್ದು ಆಮೇಲೆ, 1935ರಲ್ಲಿ. ಅವರ ಆತ್ಮಕಥೆ ‘ಕಲೆಯೇ ಕಾಯಕ’ ನಮಗೆ ಇದೆ. ಆದರೆ ಒಳ್ಳೆಯ ಅಡುಗೆಯವರು ಉಪ್ಪಿನ ಅಳತೆ ಹೇಳಲಾರರಷ್ಟೆ?

ಇದು ನನಗೆ ಬರೀ ಪ್ರಬಂಧದ ತೊಡಕಾಗಿದ್ದರೆ ಬೇರೆ ವಿಷಯ ಹಿಡಿಯಬಹುದಿತ್ತು. ನನ್ನ ಅಜ್ಜ ಹವ್ಯಾಸಿ ಯಕ್ಷಗಾನ ಸಂಘವೊಂದರಲ್ಲಿ ಹಾಸ್ಯ ಮಾಡುತ್ತಿದ್ದರು. ದೂತ, ಬ್ರಾಹ್ಮಣ, ನಾರದ, ‘ನಳ ದಮಯಂತಿ’ಯ ಬಾಹುಕ. ಅವರ ಬಾಹುಕನನ್ನು ನೆನೆದು ನಗುವ ಮುದುಕರು ಊರಲ್ಲಿ ಈಗಲೂ ನಾಲ್ಕೈದು ಜನ ಇದ್ದಾರೆ. “ನಿನ್ನ ಅಜ್ಜ ಏನು ಮಾಡ್ತಿದ್ರು ಗೊತ್ತುಂಟಾ?” ಎಂದು ಶುರು ಮಾಡುತ್ತಾರೆ, ಹೇಳಲು ಹೊರಟು ತಾವೇ ನಕ್ಕುಬಿಡುತ್ತಾರೆ, ಕೊನೆಗೆ “ಅದು ನೋಡಿಯೇ ಆಗಬೇಕು” ಎಂದು ಮುಗಿಸುತ್ತಾರೆ. ಮನೆಯಲ್ಲಿ ಇರುವುದು ಸಂಘದ ಒಂದು ಗುಂಪುಚಿತ್ರ. ನಡುವೆ ಕಿರೀಟದ ವೇಷಗಳು, ಬಣ್ಣದ ವೇಷ. ಅಜ್ಜ ಬಲತುದಿಯಲ್ಲಿ, ಅರ್ಧ ಭುಜ ಚೌಕಟ್ಟಿನ ಹೊರಗೆ. ನಾನು ವೀರಣ್ಣನವರ ಬಗ್ಗೆ ಬರೆಯುವಾಗೆಲ್ಲ ಆ ಅರ್ಧ ಭುಜ ಕಣ್ಣ ಮುಂದೆ ಇರುತ್ತದೆ. ವೀರಣ್ಣನವರಿಗಾದರೂ ‘ನಾಟಕರತ್ನ’ ಎಂಬ ಬಿರುದಿದೆ, ಪದ್ಮಶ್ರೀ ಇದೆ, ಬೆಂಗಳೂರಿನಲ್ಲಿ ಅವರ ಹೆಸರಿನ ರಂಗಮಂದಿರವಿದೆ. ಅವರ ನಟನೆಯೇ ನಮ್ಮ ಕೈಗೆ ಸಿಗುವುದಿಲ್ಲವೆಂದರೆ ಉಳಿದವರ ಗತಿ ಏನು?

ಒಂದು ದಾರಿ ಕಂಡದ್ದು ಕಾಗದಪತ್ರಗಳಲ್ಲಿ ಅಲ್ಲ. ವೀರಣ್ಣನವರ ಮೊಮ್ಮಗಳು ಬಿ. ಜಯಶ್ರೀಯವರು ‘ಸದಾರಮೆ’ಯನ್ನು ಮತ್ತೆ ರಂಗಕ್ಕೆ ತಂದಾಗ ಕಳ್ಳನ ಪಾತ್ರವನ್ನು ತಾವೇ ಮಾಡಿದರು. ಅಜ್ಜನ ಪಾತ್ರ ಮೊಮ್ಮಗಳ ಮೈಗೆ ಬಂತು. ಗಂಡಸರು ಹೆಂಗಸರಾಗುತ್ತಿದ್ದ ರಂಗಭೂಮಿಯ ಕಥೆ ತಿರುಗಿ ನಿಂತು, ಹೆಣ್ಣೊಬ್ಬಳು ಕಳ್ಳನಾದಳು. ಅದು ವೀರಣ್ಣನವರ ಕಳ್ಳನ ನಕಲು ಎಂದು ನಾನು ಹೇಳುವುದಿಲ್ಲ, ಹಾಗೆ ಆಗಬೇಕಾಗಿಯೂ ಇಲ್ಲ. ಆದರೆ ಹಾಸ್ಯದ ಪಾಠ ಒಂದು ಮೈಯಿಂದ ಇನ್ನೊಂದು ಮೈಗೆ ಹೀಗೆಯೇ ದಾಟುತ್ತದೆ: ಬದಿಯ ಪರದೆಯ ಹಿಂದೆ ನಿಂತು ನೋಡಿದವರ ಮೂಲಕ, ನೋಡಿದ್ದನ್ನು ತಮ್ಮದೇ ರೀತಿಯಲ್ಲಿ ಮಾಡಿದವರ ಮೂಲಕ. ಪುರಾಣದ ಉಗ್ರ ಪಾತ್ರಗಳಿಗೆ ಹೆಸರಾಗಿದ್ದ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೂ ಗುಬ್ಬಿ ಕಂಪನಿಯವರೇ. ಅದೇ ಕಂಪನಿಯಲ್ಲಿ ಓಡಾಡಿ ಬೆಳೆದ ಅವರ ಮಗನನ್ನು ನಾವು ರಾಜಕುಮಾರ್ ಎಂದು ಬಲ್ಲೆವು.

ಹಾಗಾಗಿ ಈಗ ಅಧ್ಯಾಯದ ರೂಪ ಬದಲಾಗಿದೆ. ಅಚ್ಚಾದ ನಾಟಕ ಮತ್ತು ಆತ್ಮಕಥೆಯ ಜೊತೆಗೆ ಹಾಸ್ಯಗಾರರ ಮಾತನ್ನೂ ಆಧಾರವೆಂದು ಇಟ್ಟುಕೊಳ್ಳುತ್ತಿದ್ದೇನೆ. ಕಂಪನಿ ನಾಟಕದವರು, ಮೇಳದವರು, ತುಳು ನಾಟಕದವರು, ಯಾರು ಸಿಕ್ಕಿದರೂ ಅದೇ ಪ್ರಶ್ನೆ ಕೇಳುತ್ತೇನೆ: “ಇದನ್ನು ನೀವು ಯಾರನ್ನು ನೋಡಿ ಕಲಿತಿರಿ?” ಹೆಚ್ಚಿನವರು ತಕ್ಷಣ ಒಂದು ಹೆಸರು ಹೇಳುತ್ತಾರೆ. ಬಹಳ ಸಲ ಆ ಹೆಸರು ಯಾವ ಪುಸ್ತಕದಲ್ಲೂ ನನಗೆ ಸಿಕ್ಕಿರುವುದಿಲ್ಲ. ಬರೆದುಕೊಳ್ಳುತ್ತೇನೆ. ನನ್ನ ನೋಟ್‌ಬುಕ್ಕಿನಲ್ಲಿ ಈಗ ಎರಡು ಪುಟ ತುಂಬ ಅಂಥ ಹೆಸರುಗಳಿವೆ. ಮಾರ್ಗದರ್ಶಕರು ಮೊನ್ನೆ ಅದನ್ನು ಓದಿ, ಕೆಂಪು ಪೆನ್ನು ಮುಚ್ಚಿಟ್ಟು, “ಮೂರನೇ ಪುಟವೂ ಬರಲಿ” ಎಂದರು.